ಧರ್ಮವೀರನ ಅಂಗೈ

ಕೇಳಪ್ಪ ಶಂಭು, ಡ್ರ್ಯಾಗನ್ ಇರುವ ಗುಹೆಯಿಂದ ನೀರು ತರುವ ಪಾಳಿ ಈ ವಾರ ನಮ್ಮ ಓಣಿಯದು. ತಂಡಕ್ಕೆ ಬಸಲಿಂಗನನ್ನು ಧರ್ಮವೀರನನ್ನಾಗಿ ಮಾಡಿದೆವು. ಆಟದಲ್ಲಿದ್ದಂತೆ ಶಕ್ತಿ, ಬುದ್ಧಿಗೆ ಹಂಚಲು ಕೊಟ್ಟ ಪಾಯಿಂಟೆಲ್ಲ ಗಾಯ ಮಾಯಿಸುವ ಅವನ ಅಂಗೈಗೇ ಸುರಿದೆವು, ಬುದ್ಧಿಗೆ ಒಂದೂ ಉಳಿಯಲಿಲ್ಲ. ಒಂದು ಸುಳ್ಳು ಹೇಳಿದರೂ ಆ ಅಂಗೈ ಸತ್ತಂತೆ.

ಇವತ್ತು ಡ್ರ್ಯಾಗನ್ ನನ್ನ ಎರಡೂ ಮೊಣಕಾಲು ಕಚ್ಚಿತು. ಬಸಲಿಂಗನ ಕಟ್ಟೆಯ ಮೇಲೆ ಮಲಗಿಸಿದರು. ಅವನು ಬಲಗಾಲಿಗೆ ಕೈ ಇಡುವಾಗಲೇ ಹೆಂಡತಿ ನೀಲವ್ವ ಕೇಳಿದಳು, "ಬುತ್ತ್ಯಾಗಿನ ಪಲ್ಯ ಹೆಂಗಿತ್ರಿ?"

"ಖರೇ ಹೇಳೋ, ನನ್ನ ಕಾಲು ನಿನ್ನ ಕೈಯಾಗ ಐತಿ," ಅಂದೆ ನಾನು.

"ಡ್ರ್ಯಾಗನ್ನೂ ಮೂಸಿ ನೋಡಿ ಬಿಟ್ಟೈತಿ," ಅಂದ.

ಬಲಗಾಲು ವಾಸಿಯಾಯಿತು. ನೀಲವ್ವ ಲಟ್ಟಣಿಗೆಯಿಂದ ಅವನ ತಲೆಗೆ ಬಾರಿಸಿದಳು. ಊದಿದ್ದು ನೋಡಿ ಅವಳಿಗೇ ಕರುಳು ಚುರ್ ಅಂತು. "ನೋವಾತೇನ್ರೀ?"

"ಏನಿಲ್ಲ ಬಿಡು," ಅಂದ ಬಸಲಿಂಗ.

ಈಗ ಎಡಗಾಲಿಗೆ ಅರಿಶಿನ ಹಚ್ಚಿಕೊಂಡು ಕೂತಿದ್ದೇನೆ.