ಜಯಶ್ರೀಯ ಹೆಸರಿನ ಸಹಿ

“ಜಯಶ್ರೀ ಮ್ಯಾಡಮ್ ಆಪ್ ಹೈ ಕ್ಯಾ?” ಎಂದು ಅಂಚೆಯವನು ಕೇಳಿದಾಗ ಮಂಗಲಾಳ ಬಾಯಿಂದ “ಹಾಂ” ಎಂದು ಬಂದುಬಿಟ್ಟಿತು. ಅವನು ತಂದ ಲಕೋಟೆಯಲ್ಲಿದ್ದದ್ದು ಮೈದುನನ ಹೆಂಡತಿ, ನೆಗೆಣ್ಣಿ ಜಯಶ್ರೀಯ ಐಟಿ ಪದವಿ ಪತ್ರ. ಮೂರು ವರ್ಷ ಅವಳು ಅಂಚೆಯಲ್ಲಿ ಬಂದ ಪುಸ್ತಕ ಓದಿ, ಭಾನುವಾರ ಮಡಗಾವಿನ ಕಂಪ್ಯೂಟರ್ ಕ್ಲಾಸಿಗೆ ಹೋಗಿಬರುತ್ತಿದ್ದರೆ, ಗೋವಾದ ಮೋತಿ ಡೊಂಗರ್ ಬಡಾವಣೆಯ ಈ ಮನೆಯಲ್ಲಿ ಇಬ್ಬರ ಕೆಲಸವನ್ನೂ ಮಾಡಿದವಳು ಹಿರಿಸೊಸೆ ಮಂಗಲಾ. ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿದ್ದ ಅವಳಿಗೆ ಮುಂದೆ ಓದು ಎಂದು ಯಾರೂ ಹೇಳಿರಲಿಲ್ಲ.

ಲಕೋಟೆಯ ಮೇಲಿನ ವಿಶ್ವವಿದ್ಯಾಲಯದ ಹೆಸರು ಓದಿದ ಅಂಚೆಯವನು “ಬಧಾಯಿ ಹೋ, ಮ್ಯಾಡಮ್” ಎಂದು ಅಭಿನಂದಿಸಿದ. ಮಂಗಲಾ ಎದೆಯುಬ್ಬಿಸಿ, ಅವನು ತೋರಿಸಿದ ಜಾಗದಲ್ಲಿ ದುಂಡಗೆ ‘ಜಯಶ್ರೀ’ ಎಂದು ಸಹಿ ಮಾಡುತ್ತಿದ್ದಾಗಲೇ, ನಳದ ನೀರಿನ ಕೊಡ ಹೊತ್ತು ಜಯಶ್ರೀ ಬಂದಳು. ಸಹಿಯನ್ನೂ ನೋಡಿದಳು. ಇವರು ಯಾರು ಎಂಬಂತೆ ಅಂಚೆಯವನು ತಿರುಗಿದ. ನಾನು ಇವರ ನೆಗೆಣ್ಣಿ ಎಂದು ಜಯಶ್ರೀ ಹಿಂದಿಯಲ್ಲಿ ಹೇಳಿ ನಕ್ಕಳು.

ಅವನು ಹೋದ ಮೇಲೂ ಅವಳು ಬೈಯಲಿಲ್ಲ. “ಒಳಗ ಬಾ ಅಕ್ಕಾ, ಇಬ್ಬರೂ ಕೂಡೇ ಬಿಚ್ಚಿ ನೋಡೂಣು” ಎಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪದವಿಯ ಜೊತೆ ದೊಡ್ಡತನವೂ ಅವಳದೇ ಆಯಿತಲ್ಲ ಎಂದು ಮಂಗಲಾಳ ಹೊಟ್ಟೆ ಇನ್ನಷ್ಟು ಉರಿಯಿತು. ಲಕೋಟೆಯನ್ನು ಅವಳ ಕೈಗೆ ತುರುಕಿದಳು.

“ನೋಡೂದೇನ ಬ್ಯಾಡ. ನನಗೂ ಒಂದ ಫಾರ್ಮ್ ತಂದ ಕೊಡ. ನಿನಕಿಂತ ಹೆಚ್ಚ ಮಾರ್ಕ್ಸ್ ತಗೊಂಡ ತೋರಸ್ತೇನಿ!”