ನೋಡದೆ ಏರಿಸಿದ ಆಟ

ಹುಣಸೆಹಣ್ಣು ಬಿಡಿಸುವಾಗ ಬೀಜ ಅಂಗೈಗೆ ತಗುಲಿದರೆ ಇವತ್ತಿಗೂ ನನ್ನ ಮುಖ ತಾನಾಗಿ ಬಿಗಿಯುತ್ತದೆ.

ರಾಜಾಜಿನಗರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಇಸ್ಪೀಟಿನ ಮೂರೆಲೆ ಆಟ ನಡೆಯುತ್ತಿತ್ತು. ದುಡ್ಡಿನ ಬದಲು ಹುಣಸೆಬೀಜ ಇಡುತ್ತಿದ್ದರು. ಅವತ್ತು ಮಾತ್ರ ಪಣ ಬೇರೆ. ಅಮ್ಮನಿಗೆ ರೇಡಿಯೋ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರ ಸೇರಬೇಕಿತ್ತು. ಅಪ್ಪನ ತಾಯಿ, ನಮ್ಮಜ್ಜಿ, ಸುತರಾಂ ಒಪ್ಪಿರಲಿಲ್ಲ. ಜಗಳವಾಡಿ ಸಾಕಾಗಿ ಅಜ್ಜಿಯೇ ಚಾಪೆ ಹಾಸಿದರು.

"ಗೆದ್ರೆ ಹೋಗು. ಸೋತ್ರೆ ಆ ಮಾತೇ ಎತ್ಬೇಡ."

ನಾನು ಅಜ್ಜಿಯ ಬೆನ್ನ ಹಿಂದೆ ಕೂತಿದ್ದೆ. "ನನ್ನೆಲೆ ನೋಡಿದ್ರೆ ಮುಖ ಕಲ್ಲಾಗಿರ್ಬೇಕು ಕಣೇ" ಎಂದು ಮೊದಲೇ ಗದರಿಸಿದ್ದರು. ಅವರ ಕೈಗೆ ಬಂದದ್ದು ಮೂರು ರಾಜರು. ಅದನ್ನು ಮೀರಿಸುವ ಎಲೆ ಬೀಳುವುದೇ ಅಪರೂಪ.

ಅಮ್ಮ ತನ್ನ ಎಲೆಗಳನ್ನು ಎತ್ತಲೇ ಇಲ್ಲ. ನೋಡದೆ ಆಡುವವರು ಒಂದು ಬೀಜ ಇಟ್ಟರೆ ನೋಡಿದವರು ಎರಡು ಇಡಬೇಕು; ತೋರಿಸದೆ ಎಲೆ ಬೋರಲು ಹಾಕಿದವರು ಸೋತಂತೆ. ಅಮ್ಮ ಏರಿಸುತ್ತಾ ಹೋದಳು, ಅಜ್ಜಿ ದುಪ್ಪಟ್ಟು ಇಡುತ್ತಾ ಹೋದರು. ಆಮೇಲೆ ಅಮ್ಮ ತಲೆಯೆತ್ತಿ ನನ್ನ ಮುಖ ನೋಡಿದಳು. ಅದು ಕಲ್ಲಾಗಿರಲಿಲ್ಲ, ತುಟಿ ನಡುಗುತ್ತಿತ್ತು.

ಅಮ್ಮ ನನ್ನಿಂದ ದೃಷ್ಟಿ ತೆಗೆದು, ಅಜ್ಜಿಯನ್ನೇ ನೋಡುತ್ತಾ, ಉಳಿದ ಬೀಜವನ್ನೆಲ್ಲ ಮುಂದಕ್ಕೆ ತಳ್ಳಿದಳು.

"ಒಂದ್ಸಲನಾದ್ರೂ ಎಲೆ ನೋಡಲ್ವೇನೇ?" ಅಜ್ಜಿ ಕೇಳಿದರು.

"ಬೇಡ ಅತ್ತೆ. ಏನ್ ಬಂದಿದ್ರೂ ನಾನು ಏರ್ಸೋದೇ."

ಅಜ್ಜಿ ತಮ್ಮ ಎಲೆಗಳನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದರು. ಆಮೇಲೆ ಮೂರು ರಾಜರನ್ನೂ ಬೋರಲು ಹಾಕಿ, ಕಟ್ಟಿನೊಳಗೆ ತೂರಿಸಿ ಕಲೆಸಿಬಿಟ್ಟರು. "ದರಿದ್ರ ಎಲೆ" ಎಂದು ಗೊಣಗುತ್ತಾ ಎದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತು, ಹಿಂತಿರುಗಿ ನೋಡದೆ ಕೇಳಿದರು:

"ಸೋಮವಾರ ಡಬ್ಬಿಗೆ ಚಿತ್ರಾನ್ನ ಹಾಕಿದ್ರೆ ಸಾಕೇನೇ?"