ದೆವ್ವದ ಸೀರಿಯಲ್ಲಿನ ಕೂಗು

ಹೆಂಡತಿಯ ಮೇಲೆ ಕೈ ಎತ್ತುವ ಮೊದಲು ಅವನು ಸದ್ದು ಹೊರಡಿಸುವ ಸಿಂಥಸೈಜರ್ ಯಂತ್ರ ಹಾಕುತ್ತಿದ್ದ. ದೆವ್ವದ ಸೀರಿಯಲ್ಲುಗಳಿಗೆ ಸದ್ದು ಕೂಡಿಸುವುದು ಅವನ ಕಸುಬು. ಡಿಲೇ ಗುಂಡಿಯನ್ನು ಪೂರ್ತಿ ತಿರುಗಿಸಿ ಒಂದು ಕೂಗು ಬಿಟ್ಟರೆ ಸಾಕು, ಅದು ನಿಲ್ಲದೆ ಮರುಕಳಿಸುತ್ತಿತ್ತು. ರಿವರ್ಬ್ ಏರಿಸಿದರೆ ಪಾಳುಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ಆ ಗದ್ದಲದಲ್ಲಿ ಅವಳ ಚೀರಾಟ ಯಾರಿಗೂ ಬೇರೆಯಾಗಿ ಕೇಳುತ್ತಿರಲಿಲ್ಲ.

ಇವತ್ತು ಮೊದಲ ಏಟಿಗೇ ಎದುರುಮನೆ ಅಜ್ಜಿ ಬಾಗಿಲು ಬಡಿದಳು.

"ಏನಪ್ಪಾ, ಯಾರೋ ಅರಚ್ಕೊಂಡಂಗಾಯ್ತು?"

ಅವನು ಬಾಗಿಲ ಸಂದಿಯಲ್ಲಿ ತಲೆ ಹಾಕಿ ನಕ್ಕ. "ಸೀರಿಯಲ್ ಕೆಲ್ಸ ಅಜ್ಜಿ. ಯಾವ್ ಕೂಗು ಕೇಳಿದ್ರೂ ಮಿಷನ್ನೇ ಅನ್ಕೊಳಿ."

"ಬರೀ ಗುಂಯ್ ಅಂತೈತೆ. ಒಂಚೂರೂ ನಿಜ ಅನ್ಸಲ್ಲ ಕಣಪ್ಪ," ಎಂದು ಅಜ್ಜಿ ಹೊರಟಳು.

ಅವನು ಚಿಲಕ ಹಾಕಿದ. "ಕೇಳಿಸ್ತೇನೇ? ನೀನು ಸತ್ರೂ ಯಾರೂ ಬರಲ್ಲ," ಎಂದು ಜಡೆ ಹಿಡಿದು ಅವಳನ್ನು ಗೋಡೆಗೆ ಅಪ್ಪಳಿಸಿದ.

ಅವಳ ಹಣೆ ಒಡೆಯಿತು. ತಡಕಾಡಿದ ಕೈಗೆ ಸಿಂಥಸೈಜರಿನ ಕಬ್ಬಿಣದ ಸ್ಟ್ಯಾಂಡು ಸಿಕ್ಕಿತು. ಎಳೆದಳು. ಯಂತ್ರ ನೆಲಕ್ಕೆ ಬಿದ್ದು ಬಾಯಿ ಮುಚ್ಚಿತು. ಅವಳು ಬೀಸಿದ ಸ್ಟ್ಯಾಂಡು ಅವನ ಮೊಣಕಾಲಿಗೆ ಬಿದ್ದಾಗ ಮೂಳೆ ಲಟಕ್ಕೆಂದಿತು. ಅವಳು ಮತ್ತೆ ಎತ್ತಿದಳು.

"ಅಯ್ಯಯ್ಯೋ, ಸಾಯಿಸ್ತಾಳೆ! ಯಾರಾದ್ರೂ ಬನ್ರಪ್ಪಾ!"

ಚಪ್ಪಲಿ ಸದ್ದು ಬಾಗಿಲವರೆಗೆ ಬಂದು ನಿಂತಿತು. ಅವನಿಗೆ ಹೋದ ಜೀವ ಬಂದಂತಾಯಿತು.

"ಈಗ ಸರಿಹೋಯ್ತು ನೋಡಪ್ಪ!" ಹೊರಗಿನಿಂದಲೇ ಅಜ್ಜಿ ಕೂಗಿದಳು. "ಥೇಟ್ ಮನುಷ್ಯರು ಕೂಗ್ದಂಗೇ ಐತೆ. ಇನ್ಮೇಲೆ ಹಿಂಗೇ ಇಟ್ಕೋ!"